ಮೂಲಂಗಿ ಅಜ್ಜಿಯ ಬ್ಯಾಟರಿ

ರೆಟ್ರೊ ಅನ್ನುವ ಪದವನ್ನು ನನಗೆ ಕಲಿಸಿದವರು ಕೊಬ್ಬರಿ ಸಾಹುಕಾರರ ಅಳಿಯ. ನನಗೆ ಅರ್ಥವಾದ ಮಟ್ಟಿಗೆ, ಒಂದು ವಸ್ತುವನ್ನು ಕೆಟ್ಟ ಕೂಡಲೇ ಬಿಸಾಡಿದರೆ ಅದು ಗುಜರಿ. ಅದನ್ನೇ ಇಪ್ಪತ್ತು ವರ್ಷ ಗೋದಾಮಿನಲ್ಲಿ ಇಲಿಗಳಿಗೆ ಬಿಟ್ಟುಕೊಟ್ಟು, ಆಮೇಲೆ ಹೊರಗೆಳೆದು, ಮೇಲೊಂದು ಬಣ್ಣದ ದೀಪ ಹಾಕಿದರೆ ರೆಟ್ರೊ. ಆ ಲೆಕ್ಕದಲ್ಲಿ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಟೀವಿ ರಿಪೇರಿ ಅಂಗಡಿಯೂ ರೆಟ್ರೊ, ಅದರೊಳಗೆ ಕೂತಿರುವ ನಾನೂ ರೆಟ್ರೊ. ನಮಗೆ ಯಾರೂ ದೀಪ ಹಾಕಿಲ್ಲ ಅಷ್ಟೆ.

ಅಳಿಯಂದಿರು ಮಾದಿಹಳ್ಳಿ ಹತ್ತಿರ ತೆಂಗಿನ ತೋಟದಲ್ಲಿ ಒಂದು ಹೋಮ್‌ಸ್ಟೇ ಕಟ್ಟಿಸಿದ್ದರು. ಹಳೇಬೀಡು ನೋಡಲು ಬಂದವರು ರಾತ್ರಿ ಅಲ್ಲೇ ಉಳಿಯಬೇಕು ಅನ್ನುವುದು ಅವರ ಯೋಜನೆ. ದೇವಸ್ಥಾನ ನೋಡಿ ಮುಗಿದ ಮೇಲೆ ಗೆಸ್ಟುಗಳಿಗೆ ಬೋರ್ ಆಗುತ್ತದೆ, ಸಂಜೆ ಏನಾದರೂ ಬೇಕು ಅಂತ ನನ್ನ ಅಂಗಡಿಯಲ್ಲಿ ಕೂತು ವಿವರಿಸಿದರು. ತಲೆಮಾರುಗಟ್ಟಲೆ ಕೂತು ಕೆತ್ತಿದ್ದನ್ನು ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸುವ ಜನಕ್ಕೆ ಬೋರ್ ಆಗದೆ ಇನ್ನೇನಾಗುತ್ತದೆ? ಅಂಥವರಿಗಾಗಿ ಒಂದು ರೆಟ್ರೊ ರೂಮ್. ಅದರಲ್ಲಿ ಒಂದು ಬೀಸುವ ಕಲ್ಲು, ಒಂದು ವಾಲ್ವ್ ರೇಡಿಯೊ, ಹಳೇ ಕೆಂಪು ಟೆಲಿಫೋನು, ಮತ್ತು ಮಾವನ ಗೋದಾಮಿನಲ್ಲಿ ಬಿದ್ದಿದ್ದ ವಿಡಿಯೊ ಗೇಮ್ ಮೆಷಿನ್. ಆಯುಧಪೂಜೆಯ ದಿನ ಉದ್ಘಾಟನೆ. ನನಗೆ ಉಳಿದಿದ್ದದ್ದು ಮೂರು ವಾರ.

ಆ ಆಟ ಎಂಥದ್ದು ಅಂತ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಯಾವುದೋ ಕಾಲಕ್ಕೆ ಟೀವಿಯಲ್ಲಿ ಬರುತ್ತಿದ್ದ ಒಂದು ನಗೆ ಕಾರ್ಟೂನನ್ನು ಹಿಡಿದು ಗುಂಡು ಹಾರಿಸುವ ಆಟ ಮಾಡಿದ್ದರು. ಒಬ್ಬ ಅಜ್ಜಿ ಅನ್ನ ಮಾಡುವ ಕುಕ್ಕರಿನ ಮೇಲೆ ಕೂತು ಆಕಾಶದಲ್ಲಿ ಹಾರುತ್ತಾಳೆ. ಎದುರಿನಿಂದ ಬದನೆಕಾಯಿ, ಛತ್ರಿ, ಚಪ್ಪಲಿಗಳು ಹಿಂಡು ಹಿಂಡಾಗಿ ಮೇಲೆ ಬೀಳುತ್ತವೆ. ಅಜ್ಜಿ ಅವಕ್ಕೆ ಮೂಲಂಗಿ ಎಸೆಯುತ್ತಾಳೆ. ಪ್ರತಿ ಹಂತದ ಕೊನೆಗೆ ಮನೆ ಮಾಲೀಕ ಅಂತ ಒಂದು ಆಕ್ಟೋಪಸ್, ಎಂಟು ಕೈಯಲ್ಲೂ ಮನೆ ಖಾಲಿ ಮಾಡು ಅನ್ನುವ ನೋಟೀಸು ಹಿಡಿದು ಬರುತ್ತದೆ. ಏಟು ತಗುಲಿದರೆ ಅಜ್ಜಿ ಕಿರುಚುವುದಿಲ್ಲ. ಕುಕ್ಕರಿನ ಮೇಲೆ ಎದ್ದು ನಿಂತು, ಆಡುವವನ ಕಡೆ ತಿರುಗಿ, ಸೊಂಟ ಬಗ್ಗಿಸಿ ತಪ್ಪಾಯಿತು ಅಂತ ನಮಸ್ಕಾರ ಮಾಡಿ ಕೆಳಗೆ ಬೀಳುತ್ತಾಳೆ. ಆಡಲು ಬಾರದವನು ಇವನು, ಕ್ಷಮೆ ಕೇಳುವವಳು ಅವಳು. ಇದನ್ನು ನೋಡಿ ಒಂದು ದೇಶವೇ ನಕ್ಕಿತ್ತಂತೆ.

ಸಾಹುಕಾರರು ಕಾಲು ಶತಮಾನದ ಹಿಂದೆ ಬಸ್ ಸ್ಟ್ಯಾಂಡಿನ ಪಕ್ಕ ವಿಡಿಯೊ ಪಾರ್ಲರ್ ಇಟ್ಟಾಗ ಇಂಥವೇ ಎರಡು ಮೆಷಿನ್ ತರಿಸಿದ್ದರು. ಒಂದೇ ಆಟ ಎರಡು ಯಾಕೆ ಅಂದರೆ, ಯಾರಿಗೂ ಬೇಡವಾದದ್ದನ್ನು ಮಧ್ಯವರ್ತಿ ಜೋಡಿಯಾಗಿ ಅವರ ತಲೆಗೆ ಕಟ್ಟಿದ್ದ. ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ ತೇವ ಹೇಳುವ ಮನುಷ್ಯ, ಮೆಷಿನ್ ವಿಷಯದಲ್ಲಿ ಹಸುಗೂಸು. ಆದರೂ ಊರಿನ ಹುಡುಗರು ಮುಗಿಬಿದ್ದರು. ಮೂಲಂಗಿ ಅಜ್ಜಿ ಅಂತ ಹೆಸರಿಟ್ಟವರೂ ಅವರೇ. ಮೆಷಿನ್‌ಗಳ ರಿಪೇರಿ ನನ್ನ ಪಾಲಿಗೆ ಬಂತು.

ಎರಡು ವರ್ಷದ ಮೇಲೆ ಒಂದು ಮೆಷಿನ್ ಸತ್ತಿತು. ಆಯುಧಪೂಜೆ ಮುಗಿದು ನಾಲ್ಕು ದಿನ ಆಗಿತ್ತು. ನಾನು ಮೊದಲ ಸಲ ಅದರ ಬೋರ್ಡ್ ತೆಗೆದು ಸರ್ವಿಸ್ ಮಾಡಿ ಕೂರಿಸಿದೆ. ಪರದೆ ತುಂಬ ಒಂದೇ ನೀಲಿ ಬಣ್ಣ, ಬೇರೇನೂ ಇಲ್ಲ. ಏನು ಮಾಡಿದರೂ ಅಜ್ಜಿ ಬರಲಿಲ್ಲ. ಸಾಹುಕಾರರು ಏನಾಯಿತಪ್ಪಾ ಅಂತ ಕೇಳಿದರು. ಮೆಷಿನ್ನಿನ ಒಳಗಡೆ, ಬೋರ್ಡಿನ ಪೆಟ್ಟಿಗೆಯ ಮೇಲೆ, ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು. ಅದರ ಮೇಲೆ ಕುಂಕುಮ, ಅದರ ಬುಡದಲ್ಲಿ ಒಂದು ನಿಂಬೆಹಣ್ಣು. ಅವರ ಹೆಂಡತಿ ಹಿಂದಿನ ಬಾಗಿಲು ತೆಗೆಸಿ ಪೂಜೆ ಮಾಡಿದ್ದರು. ಹೊರಗಿನ ಮರದ ಡಬ್ಬಿಗೆ ಹಚ್ಚಿದರೆ ಏನು ಬಂತು, ಜೀವ ಇರುವುದು ಒಳಗಲ್ಲವಾ ಅನ್ನುವುದು ಅವರ ವಾದ. ನಾನು ಆ ಪಟ್ಟೆ ತೋರಿಸಿ, ನೀರಲ್ಲಿ ಕಲಸಿದ ಬೂದಿ ಒಳಗಿಳಿದು ಬೋರ್ಡ್ ಶಾರ್ಟ್ ಆಗಿದೆ ಅಂದೆ. ಓದು ಬರಹ ಬಂದರೆ ಸಾಲದು, ವಿಜ್ಞಾನ ಗೊತ್ತಿರಬೇಕು ಅಂತಲೂ ಸೇರಿಸಿದೆ.

ಸಾಹುಕಾರರು ಕೂಗಾಡುವ ಜನ ಅಲ್ಲ. ಹೆಂಡತಿಗೆ, ಇನ್ನು ಮೇಲೆ ನೀನು ಯಾವ ಮೆಷಿನ್ನಿಗೂ ಪೂಜೆ ಮಾಡುವುದು ಬೇಡ ಅಂದರು. ಅಷ್ಟೇ. ಉಳಿದದ್ದನ್ನು ಊರು ನೋಡಿಕೊಂಡಿತು. ಬೂದಿ ಹಚ್ಚಿ ಮೆಷಿನ್ ಕೊಂದ ಸಾಹುಕಾರ್ತಿಯ ಕತೆಯನ್ನು ಹೋಟೆಲಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ನನಗೇ ನೆನಪಿಲ್ಲ. ಮೆಷಿನ್ನಿನ ಕತೆ ಬಂದರೆ ಬೇರೆಯವರು ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದರು, ಅಷ್ಟು ಚೆನ್ನಾಗಿ ಹೇಳುತ್ತಿದ್ದೆ.

ಪಾರ್ಲರ್ ಆಮೇಲೆ ಮುಚ್ಚಿತು. ಉಳಿದ ಮೆಷಿನ್ ಕೊಬ್ಬರಿ ಗೋದಾಮು ಸೇರಿತು. ಸಾಹುಕಾರರು ಹೋಗಿ ಒಂದೂವರೆ ವರ್ಷ. ಅವರ ಶಿವಗಣಾರಾಧನೆಯಲ್ಲಿ ನಾನೂ ಹೋಳಿಗೆ ಉಂಡು ಬಂದಿದ್ದೇನೆ.

ಗೋದಾಮಿನಲ್ಲಿ ಮೆಷಿನ್ ಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಹಿಂದಿನ ಬಾಗಿಲು ತೆಗೆದರೆ ಇಲಿ ಗೂಡು, ಅದರಲ್ಲಿ ಗೋಣಿ ನಾರು, ಯಾವುದೋ ಮದುವೆ ಕರೆಯೋಲೆಯ ಚೂರು. ಅಳಿಯಂದಿರಿಗೆ ಅಲ್ಲೇ ಪ್ಲಗ್ ಹಾಕಿ ಆನ್ ಮಾಡಿ ವಿಡಿಯೊ ತೆಗೆಯಬೇಕಿತ್ತು. ಬಿಫೋರ್, ಆಫ್ಟರ್ ಅಂತ ಹಾಕುತ್ತಾರಂತೆ. ಇಷ್ಟು ವರ್ಷ ಮಲಗಿದ್ದಕ್ಕೆ ಏಕಾಏಕಿ ಕರೆಂಟ್ ಕೊಟ್ಟರೆ ಆಫ್ಟರ್ ಇರುವುದಿಲ್ಲ, ಹೊಗೆ ಇರುತ್ತದೆ ಅಂತ ಹೇಳಿ ಅವರ ಕೈಯಿಂದ ಪ್ಲಗ್ ಕಿತ್ತುಕೊಂಡೆ.

ಮೊದಲು ಬೋರ್ಡನ್ನು ಪೂರ್ತಿ ಬೇರೆ ಮಾಡಿದೆ. ಪವರ್ ಸಪ್ಲೈ ಒಂದನ್ನೇ ಅಂಗಡಿಗೆ ತಂದು, ಸಾಲಿನಲ್ಲಿ ಒಂದು ಬಲ್ಬ್ ಸೇರಿಸಿ ಕರೆಂಟ್ ಕೊಟ್ಟೆ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ಉರಿಯಿತು. ಉಬ್ಬಿದ್ದ ಆರು ಕೆಪಾಸಿಟರ್ ಬದಲಿಸಿದೆ; ಡಯೋಡ್ ಒಂದು ಹೋಗಿತ್ತು, ಹಳೇ ಟೀವಿಯಿಂದ ಕಿತ್ತು ಹಾಕಿದೆ. ಐದು ವೋಲ್ಟ್ ಬರಬೇಕಾದ ಕಡೆ ಐದೇ ಬರುವ ಹೊತ್ತಿಗೆ ಮೂರು ದಿನ ಹೋಯಿತು. ಪಿಕ್ಚರ್ ಟ್ಯೂಬ್ ಮಾತ್ರ ಗಟ್ಟಿ ಪಿಂಡ. ಒರೆಸಿ, ಗೆರೆ ಸರಿಮಾಡಿ, ಬಣ್ಣ ಕೂಡಿಸಿದರೆ ಹೊಸದರ ಹಾಗೆ ನಿಂತಿತು. ಈ ಕೆಲಸ ಬಲ್ಲವರು ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಬೇಕಾದವರೂ ಇಲ್ಲ, ಅದು ಬೇರೆ ಮಾತು.

ಬೋರ್ಡ್ ಇನ್ನೂ ನೋಡಿಲ್ಲ, ಇಲ್ಲೇ ಇರಲಿ ಅಂದರೂ ಕೇಳದೆ ಅಳಿಯಂದಿರು ಟೆಂಪೊ ತರಿಸಿದರು. ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ರಸ್ತೆಯ ಪ್ರತಿಯೊಂದು ಹಂಪ್‌ಗೂ ನಾನು ಮೆಷಿನ್ನಿನ ಬೆನ್ನು ಹಿಡಿದುಕೊಂಡು ಕೂತಿದ್ದೆ. ರೆಟ್ರೊ ರೂಮಿನ ಗೋಡೆಗೆ ನೇರಳೆ ದೀಪ ಹಾಕಿದ್ದರು. ಬೀಸುವ ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟಬೇಡಿ ಅಂತ ಬೋರ್ಡ್ ಬರೆಸಿದ್ದರು.

ಸಾಹುಕಾರರ ಹೆಂಡತಿ ಅಲ್ಲೇ ಇದ್ದರು. ಅಡುಗೆಯವರಿಗೆ ಹೇಳಿಕೊಡಲು ಮಗಳು ಕರೆಸಿಕೊಂಡಿದ್ದಳು. ನಾನು ಅವರನ್ನು ಮೊದಲಿಂದಲೂ ಅಮ್ಮಾವ್ರು ಅಂತ ಕರೆಯುತ್ತೇನೆ. ಕಾಫಿ ತಂದವರು ಬಾಗಿಲ ಹೊರಗೇ ನಿಂತು ಲೋಟವನ್ನು ಹೊಸ್ತಿಲ ಪಕ್ಕದ ಸ್ಟೂಲಿನ ಮೇಲಿಟ್ಟರು.

“ಕಾಫಿ ಇಲ್ಲೇ ಐತೆ, ತಗಳಿ ಟೀವಿಯವ್ರೇ. ನಾನು ಒಳಕ್ಕೆ ಬರಲ್ಲ.”

ಪರವಾಗಿಲ್ಲ, ಬುದ್ಧಿ ಬಂದಿದೆ ಅಂದುಕೊಂಡೆ. ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ?

ಬೋರ್ಡ್ ಕೂರಿಸಿ ಆನ್ ಮಾಡಿದಾಗ ಪರದೆಯಲ್ಲಿ ಸಣ್ಣ ಅಕ್ಷರಗಳು ಸರಸರ ಓಡಿದವು, ಆಮೇಲೆ ಕುಕ್ಕರಿನ ಮುಚ್ಚಳ ಹಾರಿ ಅಜ್ಜಿ ಎದ್ದಳು. ಅಳಿಯಂದಿರು ಕುಣಿದಾಡಿದರು. ಮೂಲಂಗಿ ಬಟನ್ ಕೆಲಸ ಮಾಡುತ್ತಿತ್ತು, ಎರಡನೇ ಬಟನ್ ಮಾತ್ರ ಇಲ್ಲ. ಅಷ್ಟು ಹೊತ್ತಿಗೆ ನಾನು ಅಭ್ಯಾಸದಂತೆ ಬೋರ್ಡಿನ ಪೆಟ್ಟಿಗೆ ಬಿಚ್ಚಿ ಸರ್ವಿಸ್ ಮಾಡಿಬಿಡೋಣ ಅಂತ ಮೆಷಿನ್ ಆಫ್ ಮಾಡಿ ಸ್ಕ್ರೂ ಡ್ರೈವರ್ ಎತ್ತಿಕೊಂಡಿದ್ದೆ. ನನ್ನ ಕ್ರಮ ನಲವತ್ತು ವರ್ಷದಿಂದ ಒಂದೇ. ಯಾವ ಬೋರ್ಡೇ ಬರಲಿ, ಮೊದಲು ಅದರಲ್ಲಿರುವ ಬ್ಯಾಟರಿ ಕಿತ್ತು ಪಕ್ಕಕ್ಕಿಡುವುದು, ಆಮೇಲೆ ಬ್ರಷ್, ಸ್ಪಿರಿಟ್. ಬ್ಯಾಟರಿ ಇದ್ದರೆ ಕೈ ಜಾರಿ ಏನಾದರೂ ಸುಟ್ಟೀತು ಅಂತ ನನ್ನ ಗುರುಗಳು ಹೇಳಿಕೊಟ್ಟ ಪಾಠ. ಒಂದು ಸ್ಕ್ರೂ ಮೇಲೆ ಕಂಪನಿಯವರು ಜಪಾನಿ ಅಕ್ಷರದ ಹಳದಿ ಚೀಟಿ ಅಂಟಿಸಿದ್ದರು. ಅದನ್ನು ಕೆರೆಯುವ ಮುಂಚೆ ಬಟನ್ನಿನ ವೈರ್ ಬೋರ್ಡಿನ ಯಾವ ಪಿನ್ನಿಗೆ ಬರಬೇಕು ಅಂತ ಫೋನಿನಲ್ಲಿ ಹುಡುಕಿ ನೋಡೋಣ ಅನ್ನಿಸಿತು. ಬೋರ್ಡನ್ನು ಉಳಿಸಿದ್ದು ಅದೊಂದೇ.

ಹಳೇ ಆಟಗಳ ಹುಚ್ಚು ಹಿಡಿದವರದ್ದೇ ಒಂದು ಜಾಲತಾಣ ಇದೆ. ಮೂರು ಹೊತ್ತೂ ಅದೇ ಧ್ಯಾನ, ಬೇರೆ ಕಸುಬಿಲ್ಲದ ಜನ. ಆದರೆ ವೈರಿನ ನಕ್ಷೆ ಇತ್ತು. ನಕ್ಷೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ, ಅದರ ಕೆಳಗೆ ಒಂದು ಫೋಟೊ. ಪರದೆ ತುಂಬ ನೀಲಿ. ಬಟ್ಟೆಗೆ ಹಾಕುವ ನೀಲಿಯ ಹಾಗೆ, ಒಂದು ಚುಕ್ಕೆಯೂ ಇಲ್ಲದ ನೀಲಿ. ಅದನ್ನು ನಾನು ಒಂದು ಸಲ ನೋಡಿದ್ದೆ.

ಅಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಕಳ್ಳ ನಕಲು ಮಾಡುವವರನ್ನು ತಡೆಯಲು ಕಂಪನಿಯವರು ಆಟವನ್ನು ಚಿಪ್ಪುಗಳಲ್ಲಿ ಬೀಗ ಹಾಕಿ ಇಟ್ಟಿದ್ದರಂತೆ. ಬೀಗದ ಕೀಲಿ ಇನ್ನೊಂದು ಚಿಪ್ಪಿನ ನೆನಪಿನಲ್ಲಿದೆ. ಆ ನೆನಪನ್ನು ಹಗಲೂ ರಾತ್ರಿ ಕಾಯುವುದು ಬೋರ್ಡಿನ ಮೇಲಿನ ಸಣ್ಣ ಬ್ಯಾಟರಿ. ಬ್ಯಾಟರಿ ಕಿತ್ತರೆ ಕೀಲಿ ಅಳಿಸಿಹೋಗುತ್ತದೆ, ಆಮೇಲೆ ಪರದೆ ನೀಲಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡವರ ಬುದ್ಧಿ ಇದು, ಕಂಪನಿಯವರಿಗೆ ಎಷ್ಟು ಬೈದರೂ ಸಾಲದು. ಆದರೆ ಅವರು ಕನಿಷ್ಠ ಹಳದಿ ಚೀಟಿ ಅಂಟಿಸಿದ್ದರು. ಮೊದಲನೇ ಮೆಷಿನ್ನಿನ ಹಳದಿ ಚೀಟಿಯನ್ನು ಉಗುರಿನಲ್ಲಿ ಕೆರೆದು ತೆಗೆದದ್ದು ನಾನು. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟದ್ದೂ ನಾನು.

ಹೊಸ್ತಿಲಾಚೆ ಅಮ್ಮಾವ್ರು ಯಾರಿಗೋ ಅವರೆಕಾಳು ನೆನೆಹಾಕಲು ಹೇಳುತ್ತಿದ್ದರು.

ಬೇರೆ ಮೂರು ಸ್ಕ್ರೂ ಸಡಿಲಿಸಿ, ಸಂದಿಯಿಂದ ಮೀಟರಿನ ಮೊನೆ ತೂರಿಸಿ ಬ್ಯಾಟರಿ ಅಳೆದೆ. ಮೂರೂವರೆ ವೋಲ್ಟಿನ ಮೇಲೆ ಇರಬೇಕಾದದ್ದು ಎರಡೂ ಮುಕ್ಕಾಲು. ಎರಡಕ್ಕೆ ಇಳಿದರೆ ಕೀಲಿ ಹೋಗುತ್ತದೆ ಅಂತ ಬರೆದಿದ್ದರು. ಇಷ್ಟು ವರ್ಷ ಬದುಕಿದ್ದೇ ಹೆಚ್ಚು. ಇನ್ನು ಒಂದು ತಿಂಗಳೋ ಒಂದು ವಾರವೋ ಯಾರಿಗೆ ಗೊತ್ತು? ಬದಲಿಸಲೇಬೇಕು, ಆದರೆ ಒಂದು ಕ್ಷಣವೂ ಕರೆಂಟ್ ತಪ್ಪದಂತೆ ಬದಲಿಸಬೇಕು.

ಅಳಿಯಂದಿರಿಗೆ ಅಪಾಯ ಹೇಳಿದೆ. ಅವರು ಫೋನಿನಿಂದ ತಲೆಯನ್ನೂ ಎತ್ತಲಿಲ್ಲ.

“ಹೋದ್ರೆ ಹೋಗ್ಲಿ ಬಿಡಿ ಅಂಕಲ್. ಚಿಕ್ಕ ಬಾಕ್ಸ್ ಒಂದು ಸಿಗುತ್ತೆ, ಐನೂರು ಗೇಮ್ ಇರುತ್ತೆ, ಇದೂ ಇರುತ್ತೆ. ಒಳಗೆ ಅದನ್ನ ಕೂರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?”

ಯಾರಿಗೂ ಗೊತ್ತಾಗುವುದಿಲ್ಲ, ನಿಜ. ನಾನು ಈ ಬೋರ್ಡನ್ನೂ ಕೊಂದರೆ ಯಾರಿಗೂ ಗೊತ್ತಾಗುವುದಿಲ್ಲ. ಗೋದಾಮಿನಲ್ಲಿ ತೇವ ಹಿಡಿದಿತ್ತು ಅಂದರೆ ಆಯಿತು. ಮೊದಲನೆಯದರ ಕತೆಯೂ ಹಾಗೇ ಉಳಿಯುತ್ತದೆ. ಬೀಸುವ ಕಲ್ಲಿಗೆ ಗಾಜು ಹಾಕಿಸಿದ ಈ ಮನುಷ್ಯನ ಮಾತು ಎರಡು ದಿನ ನನ್ನ ತಲೆಯಲ್ಲಿ ಸಕ್ಕರೆಯ ಹಾಗೆ ಕರಗುತ್ತಿತ್ತು ಅಂತ ಹೇಳಿಕೊಳ್ಳಲು ನನಗೆ ಹೇಸಿಗೆಯಾಗುತ್ತದೆ.

ಅರಸೀಕೆರೆಗೆ ಬಂದು ಅಂಗಡಿಯ ಅಟ್ಟ ಹತ್ತಿದೆ. ಸತ್ತ ಬೋರ್ಡನ್ನು ಅಂದೇ ಬಿಡಿಭಾಗಕ್ಕೆ ಬೇಕಾದೀತು ಅಂತ ಕೇಳಿ ತಂದಿದ್ದೆ. ಬ್ಯಾಟರಿ ಬದಲಿಸುವುದನ್ನು ಅದರ ಮೇಲೆ ಅಭ್ಯಾಸ ಮಾಡೋಣ ಅಂತ ಇಳಿಸಿದೆ. ಪೆಟ್ಟಿಗೆಯ ಮೇಲೆ ಮೂರು ಬೆರಳಿನ ಪಟ್ಟೆ ಇನ್ನೂ ಇತ್ತು, ಕುಂಕುಮ ಕಂದಾಗಿತ್ತು. ಮುಚ್ಚಳ ಎತ್ತಿದರೆ ಒಳಗೆ ಒಂದು ಕಣ ಬೂದಿ ಇಲ್ಲ. ಪೆಟ್ಟಿಗೆಗೆ ಆ ಕಡೆ ಒಂದು ತೂತೂ ಇಲ್ಲ, ಇಳಿಯಲು ದಾರಿಯೇ ಇಲ್ಲ.

ಇದು ನನಗೆ ಹೊಸ ವಿಷಯ ಆಗಿರಲಿಲ್ಲ. ಬ್ಯಾಟರಿಯ ಮಹಿಮೆ ಅಂದು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಒಳಗೆ ಬೂದಿ ಇಲ್ಲ ಅನ್ನುವುದು ಅಂದೇ ಕಂಡಿತ್ತು. ಅದನ್ನು ತೆರೆದವನು ನಾನು, ಸ್ಪಿರಿಟ್ಟಿನಲ್ಲಿ ಒರೆಸಿದವನು ನಾನು. ಬಟ್ಟೆ ಬಿಳಿಯಾಗಿಯೇ ಇತ್ತು. ಸಾಹುಕಾರರು ಏನಾಯಿತು ಅಂತ ಕೇಳಿದಾಗ ಗೊತ್ತಿಲ್ಲ ಅನ್ನಬೇಕಾಗಿತ್ತು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಅನ್ನಲಿಲ್ಲ, ರಂಗೋಲಿ ಹಾಕಿದವರನ್ನು ಅಂದೆ. ಊರಿನ ಮೂಢನಂಬಿಕೆಗೆಲ್ಲ ಮೂಗು ಮುರಿಯುತ್ತಾ ಬಂದ ವಿಜ್ಞಾನದ ಮನುಷ್ಯ, ಸಾಕ್ಷಿ ಇಲ್ಲದೆ ಒಬ್ಬ ಹೆಂಗಸಿನ ಮೇಲೆ ತೀರ್ಪು ಕೊಟ್ಟಿದ್ದೆ.

ಸತ್ತ ಬೋರ್ಡಿನ ಮೇಲೆ ಮೂರು ಸಲ ಬ್ಯಾಟರಿ ಬಿಚ್ಚಿ ಹಾಕಿ ಅಭ್ಯಾಸ ಮಾಡಿದೆ. ಕೊರಿಯರಿನಲ್ಲಿ ತರಿಸಿದ ಹೊಸ ಬ್ಯಾಟರಿ ಅಳೆದರೆ ಎರಡು ವೋಲ್ಟ್. ಹಳೆಯದಕ್ಕೆ ಹೊಸ ಹೊದಿಕೆ ಸುತ್ತಿ ಕಳಿಸಿದ್ದ ಯಾವನೋ. ಅದೂ ಒಂದು ರೆಟ್ರೊ. ಅವನಿಗೆ ಬೈದು ಇನ್ನೊಂದು ತರಿಸುವ ಹೊತ್ತಿಗೆ ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು. ಬೆಳಗಿನ ಬಸ್ಸಿಗೆ ಮಾದಿಹಳ್ಳಿಗೆ ಹೊರಟೆ. ಟೂಲ್‌ಬಾಕ್ಸಿನ ಜೊತೆ ಸತ್ತ ಬೋರ್ಡನ್ನೂ ಪೇಪರಿನಲ್ಲಿ ಸುತ್ತಿ ತಗೊಂಡೆ. ಯಾಕೆ ಅಂತ ಬಸ್ಸಿನಲ್ಲಿ ಕೂತಾಗಲೂ ನನಗೆ ಖಚಿತ ಇರಲಿಲ್ಲ.

ಮೆಷಿನ್ ಆನ್ ಇಟ್ಟುಕೊಂಡೇ ಬದಲಿಸಿದರೆ ಸುಲಭ ಅಂತ ಆ ಜಾಲತಾಣದ ಪಂಡಿತರು ಬರೆದಿದ್ದರು. ಅವರ ಊರಲ್ಲಿ ಕರೆಂಟ್ ಹೋಗುವುದಿಲ್ಲ. ನಮ್ಮ ಲೈನ್ ನಂಬುವ ಹಾಗಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ. ಮೂರು ಪೆನ್ ಸೆಲ್, ಹಿಂದಕ್ಕೆ ಹರಿಯದಂತೆ ಮಧ್ಯೆ ಒಂದು ಡಯೋಡ್, ಎರಡು ಸಣ್ಣ ವೈರ್. ಅವನ್ನು ಬೋರ್ಡಿಗೆ ಬೆಸೆದರೆ ಹಳೇ ಬ್ಯಾಟರಿ ಕಿತ್ತು ಹೊಸದು ಕೂರಿಸುವ ತನಕ ಪೆನ್ ಸೆಲ್ ಕೀಲಿಯನ್ನು ಕಾಯುತ್ತದೆ. ಬೆಸುಗೆ ಕಡ್ಡಿಯನ್ನು ಕಾಯಿಸಿ, ಪ್ಲಗ್ ಕಿತ್ತು, ಆಮೇಲೇ ಬೋರ್ಡಿಗೆ ಮುಟ್ಟಿಸಬೇಕು. ಪ್ಲಗ್ಗಿನಲ್ಲೇ ಇದ್ದರೆ ಅದರಿಂದ ಸೋರುವ ಕರೆಂಟೂ ಚಿಪ್ಪನ್ನು ಕೆಡಿಸಲು ಸಾಕು. ಹೀಗಾಗಿ ಕಡ್ಡಿ ಆರುವ ಮೊದಲು ಕೆಲಸ ಮುಗಿಯಬೇಕು, ಎರಡು ಕೈಯೂ ಅದಕ್ಕೇ ಬೇಕು. ಮೀಟರ್ ನೋಡಿ ಪ್ರತಿ ಕ್ಷಣ ವೋಲ್ಟ್ ಹೇಳಲು ಇನ್ನೊಬ್ಬರು ಬೇಕಿತ್ತು.

ಅಳಿಯಂದಿರು ಗೇಟಿನ ಹತ್ತಿರ ಬ್ಯಾನರ್ ಕಟ್ಟಿಸುತ್ತಿದ್ದರು. ಅವರನ್ನು ಕರೆಯಬಹುದಿತ್ತು. ಬಾಗಿಲಲ್ಲಿ ಕಾಫಿ ಇಟ್ಟು ಅಮ್ಮಾವ್ರು ಹೊರಟಿದ್ದರು. ನಾನು ಅವರನ್ನು ಕರೆದೆ. ಒಳಗೆ ಬಂದು ಈ ಮೀಟರ್ ಹಿಡಿದು ನಂಬರ್ ಓದಿ ಅಂದೆ.

“ಬ್ಯಾಡ. ನಾನು ಹತ್ರ ಬಂದ್ರೆ ಕೆಟ್ಟೋಯ್ತದೆ ಅಂತ ಊರಿಗೆಲ್ಲಾ ಗೊತ್ತೈತೆ.”

ಸಿಟ್ಟಿನಿಂದಲೋ ದುಃಖದಿಂದಲೋ ಹೇಳಲಿಲ್ಲ. ಉಪ್ಪು ಜಾಸ್ತಿ ಆಗಿದೆ ಅನ್ನುವ ಹಾಗೆ ಹೇಳಿದರು. ನಾನು ಪೇಪರ್ ಬಿಚ್ಚಿ ಸತ್ತ ಬೋರ್ಡನ್ನು ಸ್ಟೂಲಿನ ಮೇಲಿಟ್ಟು ಮುಚ್ಚಳ ತೆಗೆದೆ. ಇದು ನೀವು ವಿಭೂತಿ ಹಚ್ಚಿದ್ದ ಬೋರ್ಡು, ಒಳಗೆ ನೋಡಿ, ಬೂದಿ ಇಲ್ಲ, ಅಂದೂ ಇರಲಿಲ್ಲ ಅಂದೆ. ಬ್ಯಾಟರಿ ಕಿತ್ತದ್ದು, ಕೀಲಿ ಅಳಿದದ್ದು, ಗೊತ್ತಿಲ್ಲ ಅನ್ನುವ ಬದಲು ಅವರ ಪೂಜೆಯ ಮೇಲೆ ಹಾಕಿದ್ದು, ಎಲ್ಲ ಹೇಳಿದೆ. ಬಹಳ ಹೊತ್ತು ಹಿಡಿಯಲಿಲ್ಲ. ಇಷ್ಟು ವರ್ಷ ಹೊತ್ತದ್ದು ನಾಲ್ಕೇ ಮಾತಿನಲ್ಲಿ ಮುಗಿಯಿತು. ಕೊನೆಗೆ ಹೇಳಿದೆ, “ಅದನ್ನ ಕೆಡಿಸಿದೋನು ನಾನು, ಅಮ್ಮಾವ್ರೇ.”

ಅವರು ಬೋರ್ಡನ್ನು ನೋಡಿದರು. ತಮ್ಮ ಮೂರು ಬೆರಳಿನ ಗುರುತನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲು ದಾಟಿ ಬಂದು, ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು, ಮೀಟರಿಗೆ ಕೈ ಚಾಚಿದರು.

ಮೀಟರಿನ ಎರಡು ಮೊನೆಯನ್ನೂ ಬ್ಯಾಟರಿಯಿಂದ ಚಿಪ್ಪಿಗೆ ಹೋಗುವ ಬೋರ್ಡಿನ ಗೆರೆಗಳಿಗೆ ಕ್ಲಿಪ್ ಮಾಡಿಕೊಟ್ಟೆ. ಎರಡು ಪಾಯಿಂಟ್ ಏಳು ಅಂದರು. ಪೆನ್ ಸೆಲ್‌ನ ವೈರ್‌ಗಳನ್ನು ಬೆಸೆದೆ. ಮೂರು ಪಾಯಿಂಟ್ ಎಂಟು ಅಂದರು. ಕತ್ತರಿಸುವ ಮೊದಲು ಬೆಸೆದದ್ದನ್ನು ಒಮ್ಮೆ ಎಳೆದು ನೋಡುವುದು ನನ್ನ ರೂಢಿ. ಎಳೆದೆ. ವೈರ್ ಕೈಗೆ ಬಂತು. ಕಡ್ಡಿ ಆರಿ ಬೆಸುಗೆ ಹಿಡಿದಿರಲಿಲ್ಲ.

“ಎರಡು ಪಾಯಿಂಟ್ ಆರು,” ಅಂದರು ಅಮ್ಮಾವ್ರು, ಅದೇ ದನಿಯಲ್ಲಿ.

ಎಳೆದು ನೋಡದೆ ಹಳೇ ಬ್ಯಾಟರಿ ಕತ್ತರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಡ್ಡಿಯನ್ನು ಮತ್ತೆ ಕಾಯಿಸಿ, ಪ್ಲಗ್ ಕಿತ್ತು, ಈ ಸಲ ಆತುರಪಡದೆ ಬೆಸೆದೆ. ಮೂರು ಪಾಯಿಂಟ್ ಎಂಟು. ಎಳೆದೆ, ಬರಲಿಲ್ಲ. ಹಳೇ ಬ್ಯಾಟರಿಯ ಒಂದು ಕಾಲು ಕತ್ತರಿಸಿದೆ. ಮೂರು ಪಾಯಿಂಟ್ ಎಂಟು. ಇನ್ನೊಂದು ಕಾಲು. ಮೂರು ಪಾಯಿಂಟ್ ಎಂಟು. ಹಳೆಯದನ್ನು ಎತ್ತಿ ನೆಲಕ್ಕಿಟ್ಟು ಹೊಸದನ್ನು ಕೂರಿಸಿ, ಇನ್ನೊಮ್ಮೆ ಕಾಯಿಸಿದ ಕಡ್ಡಿಯಿಂದ ಎರಡೂ ಕಾಲು ಬೆಸೆದು, ಪೆನ್ ಸೆಲ್ ಬಿಚ್ಚಿದೆ. ಮೂರು ಪಾಯಿಂಟ್ ಆರು ಅಂದು ನನ್ನ ಮುಖ ನೋಡಿದರು. ಹೊಸ ಬ್ಯಾಟರಿ ಅಷ್ಟೇ ಇರಬೇಕು ಅಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಮೀಟರ್ ನೋಡುತ್ತಲೇ ಕೂತಿದ್ದರು, ನಂಬರ್ ಅಲುಗಾಡಲಿಲ್ಲ.

ಬೋರ್ಡ್ ಕೂರಿಸಿ ಸ್ವಿಚ್ ಹಾಕಿದೆ. ಅಕ್ಷರಗಳು ಓಡಿದವು. ಆಮೇಲೆ ಪರದೆ ಒಂದು ಕ್ಷಣ ಕಪ್ಪಾಯಿತು, ಆ ಒಂದು ಕ್ಷಣದಲ್ಲಿ ನನಗೆ ನೀಲಿಯೇ ಕಂಡಿತು. ಕುಕ್ಕರಿನ ಮುಚ್ಚಳ ಹಾರಿತು. ಅಜ್ಜಿ ಎದ್ದಳು. ಯಾರೂ ಆಡುತ್ತಿರಲಿಲ್ಲವಾದ್ದರಿಂದ ಬದನೆಕಾಯಿಯೊಂದು ನೇರ ಬಂದು ಬಡಿಯಿತು. ಅವಳು ಎದ್ದು ನಿಂತು, ನಮ್ಮಿಬ್ಬರ ಕಡೆ ತಿರುಗಿ ಸೊಂಟ ಬಗ್ಗಿಸಿದಳು.

ಆಗ ಅಮ್ಮಾವ್ರು ಮಾತಾಡಿದರು.

“ನಂಗ್ಯಾಕೆ ಹೇಳುದ್ರಿ ಟೀವಿಯವ್ರೇ? ನಾನು ಕೆಡಿಸಿಲ್ಲ ಅಂತ ನಂಗೆ ಗೊತ್ತೇ ಇತ್ತು. ಡಬ್ಬದ ಮ್ಯಾಲೆ ಒಣ ವಿಭೂತಿ ಹಚ್ಚಿದ್ದೆ, ನೀರೂ ಹಾಕಿರ್ಲಿಲ್ಲ. ಗೊತ್ತಿಲ್ದೆ ಹೋದೋರು ನಮ್ಮನೆಯವರು. ಅವರಿಗೆ ಹೇಳ್ಬೇಕಿತ್ತು.”

ಒಣ ವಿಭೂತಿ ಅನ್ನುವುದನ್ನು ಅಂದು ಯಾರೂ ಅವರನ್ನು ಕೇಳಿರಲಿಲ್ಲ. ನೀರಲ್ಲಿ ಕಲಸಿದ ಬೂದಿ ಅನ್ನುವುದು ನನ್ನ ಕತೆಯಲ್ಲಿ ಮಾತ್ರ ಇತ್ತು.

ಮಾರನೇ ದಿನ ಆಯುಧಪೂಜೆ. ಅಳಿಯಂದಿರ ಸ್ನೇಹಿತರು ಕಾರುಗಳಲ್ಲಿ ಬಂದಿದ್ದರು. ಏನಾದರೂ ಹೆಚ್ಚುಕಮ್ಮಿ ಆದರೆ ನೋಡಿಕೊಳ್ಳಲಿ ಅಂತ ನನ್ನನ್ನೂ ಉಳಿಸಿಕೊಂಡಿದ್ದರು. ಮೆಷಿನ್ನಿಗೆ ಚೆಂಡುಹೂವಿನ ಹಾರ ಹಾಕಿ, ಯಾರು ಪೂಜೆ ಮಾಡುತ್ತಾರೆ ಅಂತ ಅಳಿಯಂದಿರು ಕ್ಯಾಮರಾ ಹಿಡಿದು ಕೇಳುತ್ತಿದ್ದರು. ಅಮ್ಮಾವ್ರು ವಿಭೂತಿ ಗಟ್ಟಿ ಹಿಡಿದುಕೊಂಡು ಬಂದರು. ಮಗಳು ಕಣ್ಣರಳಿಸಿ ನೋಡಿದಳು. ಬುದ್ಧಿ ತಿಳಿದ ಮೇಲೆ ಅಮ್ಮ ಒಂದು ಮಿಕ್ಸಿಗೂ ಪೂಜೆ ಮಾಡಿದ್ದನ್ನು ಕಂಡ ನೆನಪು ಅವಳಿಗಿಲ್ಲವಂತೆ.

ಅಮ್ಮಾವ್ರು ಮೆಷಿನ್ನಿನ ಹಿಂದಿನ ಬಾಗಿಲು ತೆಗೆಯಿರಿ ಅಂತ ನನಗೆ ಹೇಳಿದರು. ತೆಗೆದೆ. ಬೋರ್ಡಿನ ಪೆಟ್ಟಿಗೆಯ ಮೇಲೆ ಮೂರು ಬೆರಳು ಎಳೆದರು. ಆಮೇಲೆ ವಾಲ್ವ್ ರೇಡಿಯೊ, ಟೆಲಿಫೋನು, ಗಾಜಿನ ಪೆಟ್ಟಿಗೆ ತೆಗೆಸಿ ಬೀಸುವ ಕಲ್ಲು, ಸ್ವಿಚ್ ಬೋರ್ಡ್, ಗೋಡೆಯ ಫ್ಯಾನ್, ಅಳಿಯನ ಕೈಯಲ್ಲಿದ್ದ ಕ್ಯಾಮರಾ, ಒಂದನ್ನೂ ಬಿಡದೆ ಹಚ್ಚುತ್ತಾ ಬಂದರು. ನಾನು ನನ್ನ ಟೂಲ್‌ಬಾಕ್ಸಿನ ಮುಚ್ಚಳವನ್ನು ತೋಳಿನಲ್ಲಿ ಒರೆಸಿ, ಅವರ ದಾರಿಗೆ ಸ್ವಲ್ಪ ಮುಂದಕ್ಕೆ ಸರಿಸಿಟ್ಟೆ. ಅಮ್ಮಾವ್ರು ಸೀರೆಯ ನೆರಿಗೆ ಎತ್ತಿ ಹಿಡಿದು ಅದನ್ನು ದಾಟಿ, ಆಚೆ ಬಾಗಿಲಲ್ಲಿ ನಿಂತಿದ್ದ ಟೆಂಪೊಗೆ ವಿಭೂತಿ ಹಚ್ಚಲು ಹೋದರು.